ಪಂಚಮಚಕ್ರ ಮಿತಾಕ್ಷರಾ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಆನೆ ಹಿಡಿಯುವ ಬಗೆ, ಕುದುರೆಯ ಲಕ್ಷಣ, ಮೀನಿಗೆ ಹಾಕುವ ಎರೆ, ಅರಮನೆಯ ಅಡುಗೆ, ಆಟ, ಅಲಂಕಾರ ಎಲ್ಲವೂ ಅಲ್ಲಿವೆ. ಮೂವತ್ತೈದು ಅಡಿ ಉದ್ದದ ಫಿಫ್ತ್ ವೀಲ್ ಟ್ರೇಲರ್ ಎಳೆಯಲು ಯಾವ ಪಿಕಪ್ ಕೊಳ್ಳಬೇಕೆಂಬ ಅಧ್ಯಾಯ ಮಾತ್ರ ಇಲ್ಲ. ಭೂಲೋಕಮಲ್ಲನೆಂಬ ಬಿರುದಿನ ಆ ದೊರೆಗೆ ಪುರುಸೊತ್ತಾಗಲಿಲ್ಲವೋ, ಬರೆದದ್ದನ್ನು ಯಾವುದೋ ಚೆಕ್‌ಪೋಸ್ಟಿನಲ್ಲಿ ಹಿಡಿದಿಟ್ಟುಕೊಂಡರೋ, ಈ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ನೂರೊಂದನೆಯ ಅಧ್ಯಾಯವನ್ನು ಪೂರೈಸುವ ಭಾರ ಈಗ ಈ ಬಡ ಲೇಖಕನ ಮೇಲೆ ಬಿದ್ದಿದೆ.

ಇದನ್ನು ಕಲ್ಯಾಣದಲ್ಲೇ ಕುಳಿತು ಬರೆಯಬೇಕಾದುದು ನ್ಯಾಯ. ಅಂದು ರಾಜಧಾನಿಯಾಗಿದ್ದ ಊರು ಇಂದು ಲಾರಿಗಳ ಊರು. ಬರೀ ತಾಲ್ಲೂಕು ಕೇಂದ್ರವಾದರೂ ಕೆಎ 56 ಎಂಬ ಸ್ವಂತ ರಾಜಮುದ್ರೆ ಇದಕ್ಕುಂಟು. ಪುಣೆ–ಹೈದರಾಬಾದ್ ಹೆದ್ದಾರಿ (ಹಿಂದೆ 9, ಈಗ 65) ಸಸ್ತಾಪುರ ಬಂಗ್ಲಾದ ಮುಂದೆ ಹಾಯ್ದು ಹುಮನಾಬಾದಿಗೆ ಹೋಗಿ, ಅಲ್ಲಿ ಬೀದರದಿಂದ ಕಲಬುರಗಿಗೆ ಇಳಿಯುವ 50ನೆಯ ಹೆದ್ದಾರಿಯನ್ನು ಕೂಡುತ್ತದೆ. ಈ ಕೂಡುವ ದಾರಿಗಳ ನಡುವೆ ಹುಟ್ಟಿದವನಿಗೆ ತೊಟ್ಟಿಲಲ್ಲೇ ಆಕ್ಸಲ್ ಲೋಡಿನ ಪರಿಚಯವಾಗಿರುತ್ತದೆ. ಮನೆಯಲ್ಲಿ ಲಾರಿ ಇಲ್ಲದಿದ್ದರೂ ಲಾರಿಯ ಸಾಲಕ್ಕೆ ಜಾಮೀನು ಬಿದ್ದ ಒಬ್ಬ ಕಾಕಾ ಇದ್ದೇ ಇರುತ್ತಾನೆ. ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ ಊರಿನಲ್ಲಿ ಈಗ ಆಟೋ ನಗರದ ಮಿಸ್ತ್ರಿಗಳು ತೀರ್ಪು ಕೊಡುತ್ತಾರೆ. ಅವರದೂ ಮಿತಾಕ್ಷರವೇ, ಬಾಯಲ್ಲಿ ಗುಟಕಾ ಇರುವಾಗ ಭಾಷ್ಯ ಬೆಳೆಸಲಾಗದು.

ಪ್ರಬಂಧಕ್ಕೆ ನಿಮಿತ್ತನಾದವನು ಟೆಕ್ಸಾಸಿನ ಡಲ್ಲಾಸ್ ಬಳಿ ಇರುವ ನನ್ನ ಅಕ್ಕನ ಮಗ. ಒಂದು ದಿನ ಫೋನು ಬಂತು.

“ಮಾಮಾ, ಮನಿ ತಗೊಂಡೀನಿ.”

“ಛಲೋ ಆಯ್ತಪ್ಪ. ಯಾವ ಏರಿಯಾದಾಗ?”

“ಏರಿಯಾ ಇಲ್ಲ ಮಾಮಾ. ಗಾಲಿ ಅವ.”

ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಇರುವ ಗಾಲಿಯ ಮನೆ. ಸಾಮಾನು ತುಂಬಿದರೆ 16,000 ಪೌಂಡು, ಅಂದರೆ ಏಳೂಕಾಲು ಟನ್ನು. ಅದನ್ನು ಎಳೆಯುವ ಗಾಡಿ ಇನ್ನೂ ಕೊಂಡಿಲ್ಲ. ಮೊದಲು ಹೇರು, ಆಮೇಲೆ ಎತ್ತು ಎಂಬ ಈ ಕ್ರಮವನ್ನು ಅಮೆರಿಕದ ವಿಶೇಷವೆಂದು ಯಾರೂ ತಿಳಿಯಬಾರದು. ನಮ್ಮಲ್ಲೂ ಭಾಡಾ ಒಪ್ಪಿಕೊಂಡ ಮೇಲೆಯೇ ಗಾಡಿ ಹುಡುಕುವುದು.

ಮೊದಲು ಪೂರ್ವಪಕ್ಷ. ಶೋರೂಮಿನ ಆಚಾರ್ಯರ ಮತದಲ್ಲಿ ಅಶ್ವಶಕ್ತಿಯೊಂದೇ ಪ್ರಮಾಣ. ಫೋರ್ಡ್, ರ‍್ಯಾಮ್, ಶೆವರ್ಲೆ ಈ ಮೂರೂ ಪೀಠಗಳ ದೊಡ್ಡ ಡೀಸೆಲ್ ಪಿಕಪ್ಪುಗಳು 400 ಅಶ್ವಗಳ ಮೇಲೇ ಮಾತಾಡುತ್ತವೆ. ಏಳೂಕಾಲು ಟನ್ನಿನ ಮನೆ, ಅದಕ್ಕೆ ಪಿಕಪ್ಪಿನ ಸ್ವಂತ ತೂಕ ಕೂಡಿಸಿದರೆ ಸುಮಾರು ಹನ್ನೊಂದು ಟನ್ನು. ಟನ್ನಿಗೆ ಮೂವತ್ತೈದು ಕುದುರೆಗಿಂತ ಹೆಚ್ಚು ಬಿತ್ತು. ಈಗ ಸಸ್ತಾಪುರ ಬಂಗ್ಲಾದ ಮುಂದೆ ಏದುತ್ತ ಹೋಗುವ 5530 ನಮೂನೆಯ, ಟ್ರೇಲರ್ ಎಳೆಯುವ ‘ಹಾರ್ಸ್’ ಲಾರಿ ನೋಡಿರಿ. ನಮ್ಮ ಗಾಡಿಗಳ ಹೆಸರು ಸೂತ್ರರೂಪದ್ದು: ಮೊದಲ ಎರಡಂಕಿ ಟನ್ನು, ಕೊನೆಯ ಎರಡಂಕಿಗೆ ಒಂದು ಸೊನ್ನೆ ಹಚ್ಚಿದರೆ ಅಶ್ವ. 1613 ಎಂದರೆ ಹದಿನಾರು ಟನ್ನಿಗೆ ನೂರಾ ಮೂವತ್ತು, 2518 ಎಂದರೆ ಇಪ್ಪತ್ತೈದಕ್ಕೆ ನೂರಾ ಎಂಬತ್ತು. 5530ಕ್ಕೆ ಟನ್ನಿಗೆ ಬರುವುದು ಐದೂವರೆ ಕುದುರೆ. ಅಷ್ಟರಲ್ಲೇ ಅದು ಮುಂಬೈಯಿಂದ ಹೈದರಾಬಾದು ಮುಟ್ಟುತ್ತದೆ; ದಾರಿಯಲ್ಲಿ ಚಾಲಕ ಊಟ, ನಿದ್ರೆ, ಜಗಳ ಎಲ್ಲ ಮುಗಿಸಿರುತ್ತಾನೆ. ಆದ್ದರಿಂದ ಎಳೆಯುವುದೊಂದು ಪ್ರಶ್ನೆಯೇ ಅಲ್ಲ. ಪೂರ್ವಪಕ್ಷ ಬಿತ್ತು.

ಇನ್ನು ಸಂಪ್ರದಾಯಭೇದ. ಎಳೆಯುವವರಲ್ಲಿ ಪುಚ್ಛವಾದಿಗಳು, ಪೃಷ್ಠವಾದಿಗಳು ಎಂದು ಎರಡು ಪಂಗಡ. ಪುಚ್ಛವಾದಿಗಳು ಹೇರನ್ನು ಬಾಲಕ್ಕೆ ಕಟ್ಟುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಹುಮನಾಬಾದ ತಾಲ್ಲೂಕಿನ ರಸ್ತೆಗಳಲ್ಲಿ ಈ ಮತದವರದೇ ಮೆರವಣಿಗೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಟ್ರಾಲಿಗಿಂತ ಎತ್ತರ ಕಬ್ಬು, ಟ್ರಾಲಿಗೆ ಬ್ರೇಕೆಂಬ ಪರಿಗ್ರಹವಿಲ್ಲ. ಏರು ಬಂದಾಗ ಹಿಂದಿನ ಜಗ್ಗಿಗೆ ಟ್ರ್ಯಾಕ್ಟರಿನ ಮೂಗು ಮೇಲೇಳುತ್ತದೆ. ಮುಂದಿನ ಗಾಲಿ ನೆಲ ಬಿಟ್ಟು ಆಕಾಶಕ್ಕೆ ನಮಸ್ಕರಿಸುವಾಗ ಸ್ಟೇರಿಂಗು ತಿರುಗಿಸಿ ಉಪಯೋಗವಿಲ್ಲ, ದೇವರ ಹೆಸರು ಹೇಳಬೇಕು. ಅಮೆರಿಕದಲ್ಲಿ ಬಂಪರಿನ ಹಿಂದೆ ಗುಂಡಿಗೆ ಸಿಕ್ಕಿಸಿ ಎಳೆಯುವ ಟ್ರೇಲರುಗಳೂ ಇದೇ ಮತಕ್ಕೆ ಸೇರಿದವು.

ಪೃಷ್ಠವಾದಿಗಳದು ಫಿಫ್ತ್ ವೀಲು. ಹೇರಿನ ಕೊರಳು ಎಳೆಯುವ ಗಾಡಿಯ ಬೆನ್ನೇರಿ, ಹಿಂದಿನ ಆಕ್ಸಲಿನ ನೆತ್ತಿಗೆ ಅಥವಾ ಅದಕ್ಕೂ ತುಸು ಮುಂದೆ ಕೂರುತ್ತದೆ. ಮೂಗು ಏಳುವುದಿಲ್ಲ, ಬಾಲ ಬಳುಕುವುದಿಲ್ಲ. ಕುದುರೆ ಸಾರೋಟಿನ ಕಾಲದಲ್ಲಿ ಮುಂದಿನ ಅಚ್ಚು ತಿರುಗಲೆಂದು ಅದರ ಮೇಲೆ ಅಡ್ಡಡ್ಡಲಾಗಿ ಕೂಡಿಸುತ್ತಿದ್ದ ಐದನೆಯ ಗಾಲಿಯ ವಂಶಜ ಇದು. ಆಟೋ ನಗರದಲ್ಲಿ ಇದರ ಪಾಣಿಗ್ರಹಣವನ್ನು ಹತ್ತಿರದಿಂದ ನೋಡಬಹುದು. ಹಾರ್ಸಿನ ಬೆನ್ನ ಮೇಲೆ ಕರಿ ತಟ್ಟೆ. ಹಿಂಬದಿಗೆ ಬಾಯಿ ತೆರೆದ ಸೀಳು. ಒಬ್ಬ ಪೋರ ಡಬ್ಬಿಯಿಂದ ಗ್ರೀಸನ್ನು ಅಂಗೈಯಲ್ಲೇ ತೆಗೆದು ತಟ್ಟೆಗೆ ಬಳಿಯುತ್ತಾನೆ. ಡ್ರೈವರು ಇಂಚಿಂಚು ಹಿಂದೆ ಬರುತ್ತಾನೆ. ಟ್ರೇಲರಿನ ಹೊಟ್ಟೆಯಿಂದ ಇಳಿಬಿದ್ದ ಕಿಂಗ್ ಪಿನ್ನು ಸೀಳಿನೊಳಗೆ ಜಾರಿ ಖಟ್ಟನೆ ದವಡೆಗೆ ಸಿಗುತ್ತದೆ. ಇಷ್ಟಕ್ಕೇ ಅಕ್ಷತೆ ಹಾಕುವಂತಿಲ್ಲ. ಕ್ಲೀನರು ಮೊಬೈಲಿನ ಟಾರ್ಚು ಹಿಡಿದು ಅಡಿಗೆ ತೂರಿ, ದವಡೆ ಪೂರ್ತಿ ಮುಚ್ಚಿದೆಯೇ ನೋಡುತ್ತಾನೆ. ಟ್ರೇಲರಿನ ಬ್ರೇಕು ಹಿಡಿದಿಟ್ಟು ಹಾರ್ಸನ್ನು ಒಮ್ಮೆ ಮುಂದಕ್ಕೆ ಜಗ್ಗಿ ಪರೀಕ್ಷಿಸಿದ ಮೇಲೆ ಟ್ರೇಲರಿನ ಕಾಲುಗಳನ್ನು ಎತ್ತುತ್ತಾರೆ. ಜಗ್ಗದೆ ಕಾಲೆತ್ತಿದವರ ಗಾಡಿ ಮುಂದೆ ಹೋಗಿ, ಟ್ರೇಲರು ಅಲ್ಲೇ ಮಂಡಿಯೂರಿದ ಕತೆಗಳನ್ನು ಬಂಗ್ಲಾದ ಚಹಾದಂಗಡಿಯಲ್ಲಿ ಕೇಳಬಹುದು. ಚಹಾ ನೀವೇ ಕುಡಿಸಬೇಕು.

ಡಲ್ಲಾಸಿನ ಮನೆಯ ಕಿಂಗ್ ಪಿನ್ನಿನ ದಪ್ಪವೂ ಇಲ್ಲಿನ ಸಾಮಾನ್ಯ ಟ್ರೇಲರಿನಂತೆ ಎರಡೇ ಇಂಚು ಎಂದು ತಿಳಿದಾಗ ಆಟೋ ನಗರದಲ್ಲಿ ಸಂಬಂಧ ಕುದುರಿದಷ್ಟು ಸಂತೋಷವಾಯಿತು. ಆಗ ಗೋತ್ರದ ವಿಚಾರ ಎದ್ದಿತು. ಅಳಿಯ ಒಲಿದದ್ದು ರ‍್ಯಾಮಿಗೆ. ಅದರೊಳಗಿನ ಎಂಜಿನು ಕಮಿನ್ಸ್. 1989ರ ಮಾದರಿಯ ಡಾಜ್ ರ‍್ಯಾಮಿನಲ್ಲಿ ಮೊದಲು ಕೂತದ್ದು ಕಮಿನ್ಸಿನ ಬಿ ಶ್ರೇಣಿಯ 5.9 ಲೀಟರಿನ ಆರು ಸಿಲಿಂಡರು. ಅದೇ ಬಿ ಶ್ರೇಣಿಯನ್ನು ಟಾಟಾ ಕಮಿನ್ಸ್ ಜಮ್‌ಶೆಡ್‌ಪುರದಲ್ಲಿ ತಯಾರಿಸಿ ಟಾಟಾ ಲಾರಿಗಳಿಗೆ ಕೊಟ್ಟಿತು. ಇನ್ನೂ ಹಿಂದೆ ಹೋದರೆ 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಹುಟ್ಟಿತು. ಕಿರ್ಲೋಸ್ಕರರ ಮೂಲಪುರುಷ ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿಯ ಕಡೆಯ ಗುರ್ಲಹೊಸೂರಿನಲ್ಲಿ. ಹೀಗಾಗಿ ಟೆಕ್ಸಾಸಿನ ಪಿಕಪ್ಪು ನಮಗೆ ದೂರದ ಬೀಗರೂ ಅಲ್ಲ, ಖಾಸಾ ದಾಯಾದಿ. ಹಳೆಯ 5.9ರ ಹೊಟ್ಟೆ ಕಣ್ಣು ಮುಚ್ಚಿ ಬಿಚ್ಚಬಲ್ಲ ಮಿಸ್ತ್ರಿಯೊಬ್ಬರು ವಿಡಿಯೋ ಕಾಲಿನಲ್ಲಿ ರ‍್ಯಾಮಿನ ಬಾನೆಟ್ಟಿನೊಳಗೆ ಇಣುಕಿ, “ನಮ್ಮ ಹುಡುಗನೇ ಬಿಡ್ರಿ, ಬಟ್ಟೆ ಛಲೋ ಹಾಕ್ಕೊಂಡಾನ” ಎಂದುಬಿಟ್ಟರು.

ಆದರೆ ಬಂಧುತ್ವ ಬೇರೆ, ಪಾಸಿಂಗ್ ಬೇರೆ. ಮಿಸ್ತ್ರಿಯವರ ಮೊದಲ ಪ್ರಶ್ನೆಗೆ ಅಳಿಯನಲ್ಲಿ ಉತ್ತರವಿರಲಿಲ್ಲ.

“ಎಳೀತದ, ಅದು ಬಿಡ್ರಿ. ಬೆನ್ನಿನ ಮ್ಯಾಲ ಎಷ್ಟು ಕುಂದರ್ತದ? ಪಾಸಿಂಗ್ ಎಷ್ಟದ?”

ಅಳಿಯ ಬಣ್ಣದ ಹಾಳೆಗಳನ್ನೆಲ್ಲ ಓದಿದ್ದ. ಸೀಟಿಗೆ ಎಷ್ಟು ಬಗೆಯ ಚರ್ಮ, ಸ್ಪೀಕರು ಎಷ್ಟು ಎಂಬುದು ಬಾಯಿಪಾಠ.

“ಡ್ರೈವರ್ ಬಾಗಿಲ ತೆಗಿರಿ. ಅಲ್ಲೇ ಚೌಕಟ್ಟಿನ ಮ್ಯಾಲ ಚೀಟಿ ಇರ್ತದ, ಓದ್ರಿ.”

ಇತ್ತು. ಜನ, ಸಾಮಾನು ಎಲ್ಲ ಸೇರಿ 2,200 ಪೌಂಡು ಮೀರಬಾರದು ಎಂದಿತ್ತು. ಕಿಲೋ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಸಾವಿರ.

ಈಗ ಗಣಿತ. ಫಿಫ್ತ್ ವೀಲ್ ಟ್ರೇಲರು ತನ್ನ ತೂಕದ ಐದನೆಯ ಒಂದು ಪಾಲನ್ನು, ಕೆಲವೊಮ್ಮೆ ಕಾಲು ಪಾಲನ್ನೇ, ಎಳೆಯುವವನ ಬೆನ್ನ ಮೇಲೆ ಹೊರಿಸುತ್ತದೆ. ಏಳೂಕಾಲು ಟನ್ನಿನ ಐದನೆಯ ಒಂದು ಪಾಲು 1,450 ಕಿಲೋ. ಅದರ ಮೇಲೆ ತಟ್ಟೆಯ ತೂಕ, ಅಳಿಯನ ತೂಕ, ಸೊಸೆ ಬಿಟ್ಟುಹೋಗಲು ಒಪ್ಪದ ಗ್ರೈಂಡರು, ಅಕ್ಕ ಬೀದರದಿಂದ ಕಳಿಸಿದ ಜೋಳದ ಹಿಟ್ಟು ಮತ್ತು ಶೇಂಗಾ ಚಟ್ನಿ. ಗಾಡಿ ರಸ್ತೆಗೆ ಇಳಿಯುವ ಮೊದಲೇ ಅರ್ಧ ಟನ್ನು ಓವರ್‌ಲೋಡು. ಡೀಸೆಲ್ ಎಂಜಿನು, ನಾಲ್ಕು ಬಾಗಿಲು, ಚರ್ಮದ ಸೀಟು ಎಂದು ಪಿಕಪ್ಪು ತನ್ನ ಮೈಯನ್ನೇ ಬೆಳೆಸಿಕೊಂಡಷ್ಟೂ ಪರರಿಗೆ ಉಳಿಯುವ ಬೆನ್ನು ಕಡಿಮೆ. ಇಲ್ಲಿ ಸಂತೆಗೆ ಈರುಳ್ಳಿ ಒಯ್ಯುವ ಬೊಲೆರೊ ಪಿಕಪ್ಪಿನ ಒಂದು ನಮೂನೆಗೆ 1.7 ಟನ್ನಿನ ಪಾಸಿಂಗ್ ಇದೆ. ಅದರ ಐದು ಪಟ್ಟು ಬಲದ ಮಲ್ಲ ಬೆನ್ನಿನ ಪರೀಕ್ಷೆಯಲ್ಲಿ ಅದರ ಮುಂದೆ ನಪಾಸು!

ನಮ್ಮಲ್ಲಿ ಪಾಸಿಂಗ್ ಯಾರೂ ಮೀರುವುದಿಲ್ಲವೇ ಎಂದು ಕುಹಕಿಗಳು ಕೇಳಬಹುದು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಲೋಡಿನ ಮಿತಿಯನ್ನೇ ಏರಿಸಿ, ಟ್ರೇಲರಿನ ಗರಿಷ್ಠ ತೂಕವನ್ನು 49 ಟನ್ನಿನಿಂದ 55ಕ್ಕೆ ಒಯ್ದಿತು. ಪಾಪ ಮಾಡುವವರು ಹೆಚ್ಚಾದಾಗ ಪಾಪದ ಗೆರೆಯನ್ನು ತುಸು ಆಚೆ ಸರಿಸುವುದು ರಾಜಧರ್ಮದ ಹಳೆಯ ಉಪಾಯ. ಗೆರೆ ಸರಿದ ಮರುದಿನ ಹೇರೂ ಸರಿಯಿತು ಎಂಬುದನ್ನು ಕಾಟಾದ ಮೇಲೆ ನಿಂತವರು ಬಲ್ಲರು, ಹೇಳುವುದಿಲ್ಲ.

ಹೀಗಾಗಿ ಸಿದ್ಧಾಂತ: 250, 2500 ಎಂಬ ಅಂಕಿಯವು ಈ ಮನೆಗೆ ಸಾಲವು, 350, 3500 ಬೇಕು, ಅದರಲ್ಲೂ ಹಿಂದಿನ ಆಕ್ಸಲಿಗೆ ನಾಲ್ಕು ಟೈರಿನದು. ಇವಕ್ಕೆ ಬೆನ್ನ ಮೇಲೆ ಎರಡು ಟನ್ನಿನ ಮೇಲೂ ಹೊರುವ ಯೋಗ್ಯತೆ ಇರುತ್ತದೆ. ಒಂಟಿ ಟೈರು ಸಾಕಲ್ಲವೇ, ನೋಡಲು ಚೆಂದ, ಪಾರ್ಕಿಂಗಿಗೆ ಸುಲಭ ಎಂದು ಅಳಿಯ ಅಂದ. ಮಿಸ್ತ್ರಿಯವರು ಉತ್ತರ ಕೊಡದೆ ಫೋನನ್ನು ಅಂಗಳದಲ್ಲಿ ನಿಂತ ಲಾರಿಯ ಹಿಂಗಾಲಿಗೆ ತಿರುಗಿಸಿ, ಜೋಡಿ ಟೈರಿನಲ್ಲಿ ಒಳಗಿನದು ಪಂಕ್ಚರಾಗಿ ಹೊರಗಿನದರ ಮೇಲೆ ಗಾಡಿ ನಿಂತದ್ದನ್ನು ತೋರಿಸಿದರು. ಸೋದಾಹರಣ ಖಂಡನೆ ಎಂದರೆ ಇದು.

ತೊಟ್ಟಿಯ ಉದ್ದದ ಬಗ್ಗೆಯೂ ಒಂದು ಮಾತು. ಆರೂವರೆ ಅಡಿಯ ಗಿಡ್ಡ ತೊಟ್ಟಿಯವನು ತೀರ ಮುರಿದು ತಿರುಗಿಸಿದರೆ ಟ್ರೇಲರಿನ ಮೂಗು ಕ್ಯಾಬಿನ್ನಿನ ಹಿಂದಿನ ಗಾಜಿಗೆ ತಾಗುವ ಭಯ. ತಟ್ಟೆಯನ್ನು ಹಿಂದೆ ಜಾರಿಸುವ ವ್ಯವಸ್ಥೆ ಬೇಕಾಗುತ್ತದೆ. ಎಂಟು ಅಡಿಯದಾದರೆ ಆ ತಂಟೆ ಕಡಿಮೆ. ಚಾಸಿ ಕೊಯ್ದು ಒಂದೂವರೆ ಅಡಿ ಕೂಡಿಸಿ ವೆಲ್ಡಿಂಗ್ ಹೊಡೆದುಕೊಡುವ ಉತ್ಸಾಹವೂ ಆಟೋ ನಗರದಲ್ಲಿ ಕಂಡುಬಂತು. ಟೆಕ್ಸಾಸ್ ದೂರವಾದ್ದರಿಂದ ವಾರಂಟಿ ಉಳಿಯಿತು.

ನಿಲ್ಲಿಸುವ ವಿಷಯದಲ್ಲಿ ಮಾತ್ರ ಮಿಸ್ತ್ರಿಯವರು ಗುಟಕಾ ಉಗುಳಿ ಬಂದು ಮಾತಾಡಿದರು. ಅಳಿಯನ ಆಸೆ ಕೊಲರಾಡೊದ ಬೆಟ್ಟಗಳನ್ನು ಹತ್ತುವುದು. ಅಲ್ಲಿ ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗವಿದೆ. ಅದಕ್ಕೆ ಹತ್ತುವ ದಾರಿ ನೂರಕ್ಕೆ ಏಳರ ಏರು, ಇಳಿಯುವಾಗಲೂ ಅಂಥದೇ ಇಳಿಜಾರು. ಪಿಕಪ್ಪುಗಳ ಗರ್ವಭಂಗಕ್ಕೆಂದೇ ಪರೀಕ್ಷಕರು ಅಲ್ಲಿಗೆ ಒಯ್ಯುತ್ತಾರೆ. “ಹತ್ತೂದಕ್ಕ ಎಂಜಿನ್ ಅದ. ಇಳಿಯೂದಕ್ಕ ಬುದ್ಧಿ ಬೇಕು. ಯಾವ ಗೇರಿನಾಗ ಹತ್ತೀರಿ, ಅದೇ ಗೇರಿನಾಗ ಇಳೀರಿ. ಬ್ರೇಕ್ ಮ್ಯಾಲೇ ಕುಂತ್ರ ಡ್ರಮ್ ಕಾದು ಹೊಗಿ ಬರ್ತದ, ಆಮ್ಯಾಲ ಕಾಲಿಟ್ರೂ ಹಿಡಿಯಂಗಿಲ್ಲ” ಎಂದರು. ಗಾಡಿಯಲ್ಲಿ ಎಕ್ಸಾಸ್ಟ್ ಬ್ರೇಕ್ ಇದೆಯೇ, ಮನೆಗೆ ಬೇರೆ ಬ್ರೇಕ್ ಇದೆಯೇ, ಅದನ್ನು ಹಿಡಿಯುವ ಗುಂಡಿ ಡ್ರೈವರಿನ ಕೈಗೆ ಎಟುಕುತ್ತದೆಯೇ ಎಂದು ಕೇಳಿ, ಮೂರಕ್ಕೂ ಹೌದೆಂದ ಮೇಲೆ ಹೋಗಲು ಅಪ್ಪಣೆಯಾಯಿತು. ಲೈಸೆನ್ಸಿನ ಮಾತು ಅಪ್ಪಣೆಯಲ್ಲಿ ಸೇರಿರಲಿಲ್ಲ: ಇಂಥ ಟ್ರೇಲರು ಹಚ್ಚಿದ ಜೋಡಿಯ ತೂಕ 26,000 ಪೌಂಡು ದಾಟಿದರೆ ಟೆಕ್ಸಾಸಿನಲ್ಲಿ ಸ್ವಂತ ಬಳಕೆಗೂ ಎ ದರ್ಜೆಯ ಲೈಸೆನ್ಸು ಬೇಕು. ಅದಕ್ಕೆ ಏಜೆಂಟ್ ಯಾರು ಎಂದು ಮಿಸ್ತ್ರಿಯವರು ಕೇಳಿದ್ದನ್ನು ದಾಖಲೆಗಾಗಿ ಬರೆದಿದ್ದೇನೆ.

ಕೊನೆಗೆ ವ್ಯವಹಾರಕಾಂಡ. ಪಿಕಪ್ಪಿನ ಮುಂಗಡ ಹಣ ಬಂದದ್ದು ಊರ ಹೊರಗಿನ ಪಿತ್ರಾರ್ಜಿತ ಹೊಲದ ಪಾಲು ಮಾರಿ. ಹೀಗಾಗಿ ಇಲ್ಲಿ ವಿಜ್ಞಾನೇಶ್ವರನ ಅಧಿಕಾರ ನಡೆಯುತ್ತದೆ. ಬಂಗಾಳದ ಜೀಮೂತವಾಹನನ ‘ದಾಯಭಾಗ’ದಂತೆ ತಂದೆ ಸಾಯುವವರೆಗೆ ಕಾಯಬೇಕಾಗಿಲ್ಲ, ಮಿತಾಕ್ಷರದಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ. 2005ರ ತಿದ್ದುಪಡಿಯಿಂದ ಮಗಳಿಗೂ ಬಂದಿದೆ. ಅಳಿಯನಿಗಿರುವುದು ಒಬ್ಬಳೇ ಮಗಳು, ವಯಸ್ಸು ಒಂಬತ್ತು. ಆರು ಟೈರಿನಲ್ಲಿ ತನ್ನ ಮೂರು ಯಾವುವು ಎಂದು ಆಕೆ ಕೇಳಿದ್ದು ಶಾಸ್ತ್ರಸಮ್ಮತವೇ. ಆದರೆ ಉಟ್ಟ ಬಟ್ಟೆ, ಏರುವ ವಾಹನ, ತೊಟ್ಟ ಒಡವೆ, ಬೆಂದ ಅನ್ನ ಪಾಲಿಗೆ ಬಾರವು ಎಂಬ ಮನುವಿನ ಮಾತನ್ನು ವಿಜ್ಞಾನೇಶ್ವರನೂ ಚರ್ಚೆಗೆ ಎತ್ತಿಕೊಂಡಿದ್ದಾನೆ. ಹಾಗಾದರೆ ಪಿಕಪ್ಪು ಅವಿಭಾಜ್ಯ, ಅಪ್ಪನದೇ. ಟ್ರೇಲರು? ಅದು ವಾಹನವೋ ಮನೆಯೋ? ಮನೆಯಾದರೆ ಪಾಲಿಗೆ ಬರುತ್ತದೆ. ಕಿಂಗ್ ಪಿನ್ನು ದವಡೆಯಲ್ಲಿರುವಷ್ಟು ಹೊತ್ತು ವಾಹನ, ಕಾಲಿಳಿಸಿ ನಿಂತ ಕ್ಷಣದಿಂದ ಮನೆ ಎಂಬುದು ನನ್ನ ಮತ.

ಇದನ್ನು ಫೋನಿನಲ್ಲಿ ವಿವರಿಸಿ, ತಂದೆಯ ಸಾಲ ತೀರಿಸುವುದು ಮಕ್ಕಳ ಧರ್ಮವೆಂಬ ಹಳೆಯ ಕಟ್ಟಳೆಯನ್ನೂ ಅದೇ 2005ರ ತಿದ್ದುಪಡಿ ಮುಂದಿನ ಸಾಲಗಳಿಗೆ ತೆಗೆದುಹಾಕಿದೆ ಎಂದೆ. ಆಕೆ ಸ್ವಲ್ಪ ಯೋಚಿಸಿ, “ಹಂಗಾರ ಅಜ್ಜಾ, ನಿಂತಾಗ ಮನಿ ನಂದು, ಕಂತು ಡ್ಯಾಡಿದು, ಹೌದಿಲ್ಲೋ?” ಎಂದಳು. ಅಳಿಯ ಫೋನು ಕಸಿದುಕೊಂಡ.