ರಾಡ್ ಹಿಡದೋ, ಬಿಟ್ಟೋ?

ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಾಗಲಿ, ಅದರ ಆಜೂಬಾಜಿನ ಯಾವ ಊರಲ್ಲಾಗಲಿ, ಜಿಮ್ಮಿಗೆ ಹೋಗುವ ಹತ್ತು ಹುಡುಗರನ್ನು ಕೂಡಿಸಿದರೆ ಅವರಲ್ಲೊಬ್ಬ ಲೆಕ್ಕದಣ್ಣ ಇದ್ದೇ ಇರುತ್ತಾನೆ. ಮೈಕಟ್ಟು ನೋಡಿ ಇವನನ್ನು ಗುರುತಿಸುವುದು ಕಷ್ಟ, ಯಾಕೆಂದರೆ ಮೈಕಟ್ಟು ಇರುವುದಿಲ್ಲ. ಯಾರಾದರೂ ಬೆಂಚಿನಿಂದೆದ್ದು "ಇವತ್ತ ಎಂಬತ್ತ ಹೊಡದೆ ನೋಡ್ರಿ" ಎಂದು ಟಾವೆಲ್ಲಿಗೆ ಕೈ ಹಾಕುವಷ್ಟರಲ್ಲಿ ಮೂಲೆಯಿಂದ ಅವನ ದನಿ ಬರುತ್ತದೆ: "ರಾಡ್ ಹಿಡದೋ, ಬಿಟ್ಟೋ?"

ಜಿಮ್ ಗಪ್‌ಚುಪ್.

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗಂಡಸರ ಬಾರ್ 20 ಕೆ.ಜಿ., ಹೆಂಗಸರದು 15. ಹಳ್ಳಿ ಕಡೆಯ ರಾಡಿಗೆ ಅಂಥ ಕಟ್ಟುಪಾಡಿಲ್ಲ. ಐದಡಿಯ ಸಪೂರ ರಾಡು ಏಳೆಂಟು ಕೆ.ಜಿ. ತೂಗಿದರೆ ದೊಡ್ಡದು. ಮೊಬೈಲಿನಲ್ಲಿ ವಿಡಿಯೊ ನೋಡಿ ಬಂದ ಹುಡುಗ ಅದನ್ನೂ 20 ಎಂದೇ ಹಿಡಿದಿರುತ್ತಾನೆ. ಬದಿಗೆ 30ರಂತೆ ಪ್ಲೇಟು ಹಾಕಿ 80 ಎಂದವನು ನಿಜವಾಗಿ ಎತ್ತಿದ್ದು 68. ಈ ವಜಾಬಾಕಿಯನ್ನು ಲೆಕ್ಕದಣ್ಣ ಎಲ್ಲರೆದುರಿಗೇ, ಬೆರಳು ಮಡಿಚಿ, ಮಾಡಿ ತೋರಿಸುತ್ತಾನೆ. ಅವನಿಗೆ ಗೆಳೆಯರು ಯಾಕೆ ಕಡಿಮೆ ಎಂದು ಬೇರೆ ವಿಚಾರಣೆ ಬೇಕಿಲ್ಲ.

ಆದರೂ ಅವನಿಲ್ಲದೆ ಸಾಗುವುದಿಲ್ಲ. ಬೆಂಚಿನ ಮೇಲೆ ಅಂಗಾತ ಮಲಗಿದವನು "ಇನ್ನೊಂದ ಹತ್ತ ಹಾಕ್ರೋ" ಎನ್ನುತ್ತಾನೆ. ಅಂದರೆ ಬದಿಗೆ ಹತ್ತೋ, ಬದಿಗೆ ಐದರಂತೆ ಒಟ್ಟು ಹತ್ತೋ? ಎಡಕ್ಕೆ ನಿಂತವನಿಗೆ ಒಂದರ್ಥ, ಬಲಕ್ಕೆ ನಿಂತವನಿಗೆ ಇನ್ನೊಂದರ್ಥ ಹೊಳೆದರೆ ಅನುಭವಿಸುವವನು ನಡುವೆ ಮಲಗಿದವನು. ಆಗ ಲೆಕ್ಕದಣ್ಣನ ಸೂತ್ರ ಕೆಲಸಕ್ಕೆ ಬರುತ್ತದೆ: "ಬೇಕಾದ್ದರಾಗ ರಾಡ್ ಕಳಿ, ಉಳದದ್ದ ಅರ್ಧಾ ಮಾಡು, ದೊಡ್ಡ ಪ್ಲೇಟ್ ಮೊದಲ ಹಾಕು." ತೆಗೆಯುವಾಗ ಒಂದೇ ಬದಿಯದನ್ನೆಲ್ಲ ಕಿತ್ತು ರಾಡು ಮಗುಚಿ ಬೀಳಿಸುವವರನ್ನು ಅವನು ತಿಂಗಳುಗಟ್ಟಲೆ ಮಾತಾಡಿಸುವುದಿಲ್ಲ.

ಸೂತ್ರ ಕೈಕೊಡುವ ದಿನವೂ ಬರುತ್ತದೆ, ಅದು ಅವನಿಗೆ ಹಬ್ಬ. ಬದಿಗೆ 30 ಬೇಕು. ಉಳಿದಿರುವುದು 25ರದು ಒಂದು ಜೋಡಿ, 15ರದು ಎರಡು ಜೋಡಿ. ಐದರ ಪ್ಲೇಟುಗಳು ಬೇರೆಯವರ ಪಾಲಾಗಿವೆ. ದೊಡ್ಡದನ್ನೇ ಮೊದಲು ಹಾಕಿದ ಹುಡುಗ 25 ಏರಿಸಿ, ಉಳಿದ ಐದಕ್ಕಾಗಿ ಬೆಂಚಿನ ಕೆಳಗೆಲ್ಲ ಬಗ್ಗಿ ನೋಡುತ್ತಾನೆ. ಲೆಕ್ಕದಣ್ಣ ಗೋಡೆಗೊರಗಿ ಇದನ್ನು ತೃಪ್ತಿಯಾಗುವವರೆಗೆ ನೋಡಿ, "25 ತಗದು ಎರಡ 15 ಹಾಕೋ ತಮ್ಮಾ" ಎನ್ನುತ್ತಾನೆ. ಮೊದಲೇ ಹೇಳಬಹುದಿತ್ತು. ಹೇಳಿದರೆ ಮಜಾ ಎಲ್ಲಿ?

ಪ್ಲೇಟಿನ ಮೇಲೆ ಕೊರೆದ ಅಂಕಿಯನ್ನೂ ಅವನು ನಂಬುವವನಲ್ಲ. ಹಳೇ ಪ್ಲೇಟುಗಳ ರಾಶಿಯಲ್ಲಿ 45 ಎಂದು ಬರೆದದ್ದೊಂದು ಸಿಕ್ಕರೆ ಅದು ಪೌಂಡು. 20 ಕೆ.ಜಿ.ಗಿಂತ ನಾನೂರು ಗ್ರಾಂ ಚಿಲ್ಲರೆ ಹೆಚ್ಚು. ಹಾಗಾಗಿ ಒಂದು ದಿನ ಮನೆಯಿಂದ ಎಲೆಕ್ಟ್ರಾನಿಕ್ ಕಾಟಾ ಹೊತ್ತು ತರುತ್ತಾನೆ. ಅಂತರರಾಷ್ಟ್ರೀಯ ನಿಯಮದಂತೆ 25 ಕೆ.ಜಿ. ಪ್ಲೇಟು ಹೆಚ್ಚೆಂದರೆ 25 ಗ್ರಾಂ ಜಾಸ್ತಿ ಇರಬಹುದು, ಕಡಿಮೆಯಾದರೆ ಹನ್ನೆರಡೂವರೆ ಗ್ರಾಂ ಮಾತ್ರ, ಎಂದು ಜಿಮ್ ಮಾಲೀಕರಿಗೆ ತಿಳಿಸುತ್ತಾನೆ. "ನಾವೇನ ಬಂಗಾರ ತೂಗಾಕ ಕುಂತೇವೇನೋ?" ಎಂಬ ಉತ್ತರ ಬರುತ್ತದೆ.

ಇವನ ಆರಾಧ್ಯದೈವ ಕುಂದಾಪುರ ಕಡೆಯ ಗುರುರಾಜ ಪೂಜಾರಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದು, ಭಾರತದ ಪದಕದ ಖಾತೆ ತೆರೆದದ್ದು ಎಲ್ಲರಿಗೂ ನೆನಪಿದೆ. ಲೆಕ್ಕದಣ್ಣನಿಗೆ ನೆನಪಿರುವುದು ಕೊನೆಯ 138. ಬಾರ್ 20, ಎರಡು ಕಾಲರ್ ಸೇರಿ 5, ಕಳೆದರೆ 113, ಬದಿಗೆ ಐವತ್ತಾರೂವರೆ. ಅಂದರೆ ಕೆಂಪು 25 ಎರಡು, ಬಿಳಿ 5 ಒಂದು, ಹಳದಿ ಒಂದೂವರೆ ಒಂದು. ಪದಕದ ಬಣ್ಣಕ್ಕಿಂತ ಪ್ಲೇಟಿನ ಬಣ್ಣ ಅವನಿಗೆ ಬಾಯಿಪಾಠ. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ ಸೀಮೆಯವನಾದರೂ ಪಾಪ, ಜಿಮ್ಮಿನಲ್ಲಿ ಅವನಿಗೆ ಸಿಕ್ಕದ್ದೆಲ್ಲ ಕರೀ ಪ್ಲೇಟುಗಳೇ.

ಈ ಚಟ ಜಿಮ್ಮಿನಲ್ಲಿ ಹತ್ತಿದ್ದಲ್ಲ. ಗೋವಿನಜೋಳ ಬೆಳೆಯುವ ಮನೆಯ ಹುಡುಗ ಅವನು. ಅಪ್ಪನ ಜೊತೆ ಮಾಲು ಮಾರಲು ಹೋದಾಗ ಚೀಲದ ತೂಕ ಕಳೆದು, ಮೇಲೆ ಸೂಟು ಮುರಿದು, ಕೊನೆಗೆ ಕೈಗೆ ಬಂದದ್ದೆಷ್ಟು ಎಂದು ನೋಡಿದವನು. 2018ರಲ್ಲಿ ಯೂರಿಯಾ ಚೀಲ 50 ಕೆ.ಜಿ.ಯಿಂದ 45ಕ್ಕೆ ಇಳಿದಾಗ, ಹೊತ್ತ ಕೂಡಲೇ "ಎಪ್ಪಾ, ಇದು ಹಗರೈತಿ" ಎಂದವನೂ ಅವನೇ. ಕಾಟಾ ಯಾರ ಕೈಯಲ್ಲಿದೆ ಎಂದು ನೋಡದೆ ಅಂಥವನು ಯಾವ ಅಂಕಿಯನ್ನು ನಂಬಿಯಾನು?

"ಎಲ್ಲಾರದೂ ಲೆಕ್ಕ ಹಾಕ್ತಿಯಲ್ಲೋ, ನೀ ಎಷ್ಟ ಎತ್ತತಿ?" ಎಂದು ಕೇಳಿದರೆ ಮಾತ್ರ ಅವನ ಭುಜ ಹಿಡಿದುಕೊಂಡಿರುತ್ತದೆ. ನಾಲ್ಕು ವರ್ಷದಿಂದ ಹಿಡಿದದ್ದು ಬಿಟ್ಟಿಲ್ಲ.

ಜಾತ್ರೆಯಲ್ಲಿ ಚೀಲ ಎತ್ತುವ ಸ್ಪರ್ಧೆ ಇಟ್ಟರೆ ಉಸುಕು ತುಂಬಿಸಿ ತೂಕ ಹಚ್ಚಲು ಕಮಿಟಿಯವರು ಅವನನ್ನೇ ಕರೆಯುತ್ತಾರೆ. ಅವನು 94 ಎಂದು ಚೀಟಿಯಲ್ಲಿ ಬರೆದುಕೊಡುತ್ತಾನೆ. ವೇದಿಕೆಯಿಂದ "ಒಂದು ಕ್ವಿಂಟಲ್!" ಎಂದು ಸಾರುತ್ತಾರೆ. ಅವನು ಮೈಕಿನ ಕಡೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಯಾರಾದರೊಬ್ಬರು ಹೆಗಲ ಮೇಲೆ ಕೈ ಹಾಕಿ, ಗಿರಮಿಟ್ ಅಂಗಡಿಯ ಕಡೆ ಕರೆದೊಯ್ಯುತ್ತಾರೆ. ಅಲ್ಲಿ ಅವನು ಪ್ಲೇಟಿನೊಳಗೆ ಚುರುಮುರಿ ಎಷ್ಟು, ಉಳ್ಳಾಗಡ್ಡಿ ಎಷ್ಟು ಎಂದು ನೋಡತೊಡಗುತ್ತಾನೆ.