ಗಾಡಿಗೆ ಬಾಹ್ಯ ಬೆಂಬಲ

ರಾಮನಗರ ಸೀಮೆಯಲ್ಲಿ ಗಾಡಿ ಸ್ಟಾರ್ಟ್ ಆಗದಿರುವುದು ಮಾಲೀಕನ ಸ್ವಂತ ವಿಷಯವಲ್ಲ. ಮನೆ ಮುಂದೆ ಕೈಕೊಟ್ಟರೆ ಅದು ಬೀದಿಯ ವಿಷಯ, ಬೀದಿಯಲ್ಲಿ ಕೈಕೊಟ್ಟರೆ ಊರಿನ ವಿಷಯ, ಊರಾಚೆ ಕೈಕೊಟ್ಟರೆ ತಾಲ್ಲೂಕಿನದು. ಎರಡು ಸಲ ಕಿಕ್ ಹೊಡೆದು ಮೂರನೆಯದಕ್ಕೆ ಕಾಲೆತ್ತುವಷ್ಟರಲ್ಲಿ ಎದುರು ಟೀ ಅಂಗಡಿಯಲ್ಲಿ ಒಬ್ಬರು ಲೋಟ ಕೆಳಗಿಟ್ಟು, ಪಂಚೆ ಸರಿಮಾಡಿಕೊಂಡು ಏಳುತ್ತಾರೆ. ಅವರು ರಸ್ತೆ ದಾಟುವ ಗತ್ತು ನೋಡಿದರೆ ಸಾಕು, ಈ ಗಾಡಿ ಮಧ್ಯಾಹ್ನಕ್ಕೆ ಮುಂಚೆ ಹೊರಡುವುದಿಲ್ಲ ಅನ್ನುವುದು ಖಾತ್ರಿ.

ಇದೇ ಸೀಮೆಯ ರಾಮದೇವರ ಬೆಟ್ಟವನ್ನು ಸರ್ಕಾರ 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿತು. ಹದ್ದುಗಳು ಕಡಿಮೆಯಾಗಿವೆ ಎಂದು ಕೊರಗುವ ಪಕ್ಷಿಪ್ರಿಯರು ದುರ್ಬೀನು ಹಿಡಿದು ಬೆಟ್ಟ ಹತ್ತುತ್ತಾರೆ. ಅಷ್ಟು ದಣಿಯಬೇಕಾಗಿಲ್ಲ. ರಾಮನಗರದ ಐಜೂರು ಸರ್ಕಲ್ಲಿನಲ್ಲಿ ಒಂದು ಬೈಕನ್ನು ಓರೆಯಾಗಿ ನಿಲ್ಲಿಸಿ, ಪಕ್ಕದಲ್ಲಿ ತಲೆ ಮೇಲೆ ಕೈಹೊತ್ತು ಕೂತರೆ ಸಾಕು. ಮೊದಲು ಒಂದು ಮೇಲೆ ಸುತ್ತುತ್ತದೆ, ಆಮೇಲೆ ಎರಡು ಇಳಿಯುತ್ತವೆ, ನೋಡನೋಡುತ್ತಿದ್ದಂತೆ ಪ್ಲಗ್ಗು, ಏರ್ ಫಿಲ್ಟರು, ಸೀಟು ಎಲ್ಲವೂ ಬೇರೆ ಬೇರೆಯಾಗಿ ನೆಲದ ಮೇಲೆ ಬಿದ್ದಿರುತ್ತವೆ.

ಈ ಉತ್ಸಾಹಕ್ಕೆ ಚರಿತ್ರೆಯ ಬಲವೂ ಇದೆ. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ವಿಧಾನಸಭೆಯೊಳಗೆ ಹೆಜ್ಜೆಯಿಟ್ಟದ್ದು ಕನಕಪುರದ ಉಪಚುನಾವಣೆ ಗೆದ್ದು. 1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಲು ದೆಹಲಿಗೆ ಹೊರಟಾಗ ಅವರು ರಾಮನಗರದ ಶಾಸಕರು. ಆ ಸರ್ಕಾರವನ್ನು ಕಾಂಗ್ರೆಸ್ಸು ಹೊರಗಿನಿಂದ ತಳ್ಳುತ್ತಿತ್ತು. ವರ್ಷ ತುಂಬುವ ಮೊದಲೇ ಕೈ ಬಿಟ್ಟಿತು, ಗಾಡಿ ನಿಂತಿತು. ಬಾಹ್ಯ ಬೆಂಬಲ ಅಂದರೆ ಏನು ಎಂದು ಇಷ್ಟು ಹತ್ತಿರದಿಂದ ಕಂಡ ಜನ ದೇಶದಲ್ಲಿ ಬೇರೆಲ್ಲೂ ಇರಲಾರರು. ಆದರೂ ತಳ್ಳುವುದರಲ್ಲಿ ನಮಗಿರುವ ನಂಬಿಕೆ ಕುಂದಿಲ್ಲ. ಕೇಂದ್ರ ಸರ್ಕಾರವನ್ನೇ ಸ್ಟಾರ್ಟ್ ಮಾಡಿ ಕಳಿಸಿದವರಿಗೆ ನೂರು ಸಿಸಿ ಗಾಡಿ ಯಾವ ಲೆಕ್ಕ?

ಮಾಗಡಿ ಕಡೆಯ ಒಬ್ಬ ರೈತ ಹೊತ್ತು ಹುಟ್ಟುವ ಮೊದಲೇ ಬೈಕಿನ ಹಿಂದೆ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟ ಅನ್ನಿ. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ, ಗಾಡಿಯೇ ಗತಿ. ಅದು ದಾರಿಯಲ್ಲಿ ಒಂದು ಸಲ ಕೆಮ್ಮಿ ನಿಂತಿತು. ಗೂಡಿನ ವ್ಯವಹಾರ ಗೊತ್ತಿದ್ದವರಿಗೆ ಆ ಮನುಷ್ಯನ ಸಂಕಟ ಅರ್ಥವಾಗುತ್ತದೆ. ಚೀಲದಲ್ಲಿ ಒತ್ತೊತ್ತಾಗಿ ಬಿದ್ದ ಗೂಡು ಬಿಸಿಲೇರಿದಂತೆ ಬೆವರುತ್ತದೆ. ಬೆವರಿದ ಗೂಡನ್ನು ನೂಲು ಬಿಚ್ಚುವ ರೀಲರು ಮುಟ್ಟಿ ನೋಡಿ ಮುಖ ಕಿವುಚುತ್ತಾನೆ, ರೇಟು ಬೀಳುತ್ತದೆ. ಹಾಗೆಂದು ಮನೆಗೆ ವಾಪಸ್ ಒಯ್ದು ನಾಲ್ಕು ದಿನ ಇಟ್ಟುಕೊಳ್ಳುವಂತೆಯೂ ಇಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದುಕೊಂಡು ಆಚೆ ಬಂದರೆ ಆ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಚಿಟ್ಟೆಗೆ ಗಾಡಿ ಕೆಟ್ಟಿರುವ ಸುದ್ದಿ ತಲುಪಿಸುವ ವ್ಯವಸ್ಥೆ ರೇಷ್ಮೆ ಇಲಾಖೆಯಲ್ಲಿ ಇನ್ನೂ ಆಗಿಲ್ಲ.

ರೈತ ಸ್ನೇಹಿತನಿಗೆ ಫೋನ್ ಮಾಡಿದ. ಸ್ನೇಹಿತ ಬಂದ. ಒಬ್ಬನೇ ಬಂದರೆ ಏನು ಮರ್ಯಾದೆ, ಇನ್ನಿಬ್ಬರನ್ನು ಕರಕೊಂಡು ಬಂದ. ದಾರಿಹೋಕರು ತಾವಾಗಿಯೇ ಸೇರಿಕೊಂಡರು.

‘ಯಾಕಣ್ಣ, ಸ್ಟಾರ್ಟ್ ಆಗ್ತಿಲ್ವಾ?’

ಇದು ಮೊದಲ ಪ್ರಶ್ನೆ, ಎಲ್ಲರೂ ಸರದಿಯಲ್ಲಿ ಕೇಳಲೇಬೇಕಾದದ್ದು. ಗೂಡಿನ ಚೀಲ ಬಿಸಿಲಲ್ಲಿಟ್ಟುಕೊಂಡು ಬೆವರೊರೆಸುತ್ತಿರುವವನು ಹವಾ ತಿನ್ನುತ್ತಾ ನಿಂತಿದ್ದಾನೆ ಎಂಬ ಅನುಮಾನ ಯಾರಿಗಾದರೂ ಉಳಿಯಬಾರದಲ್ಲ.

‘ಯಾವ ಮೆಕ್ಯಾನಿಕ್ ಹತ್ರ ಬಿಟ್ಟಿದ್ದೆ?’

ಇದು ಎರಡನೆಯದು, ಮುಖ್ಯವಾದದ್ದು. ಹೆಸರು ಯಾವುದೇ ಹೇಳಿ, ‘ಅಲ್ಲೇ ಕಣಪ್ಪ ನೀನು ಕೆಟ್ಟಿದ್ದು’ ಎಂಬುದು ಉತ್ತರ. ನಮ್ಮ ಕಡೆ ಎಂಜಿನ್ನಿಗಿಂತ ಮೊದಲು ಮೆಕ್ಯಾನಿಕ್ ಯಾರ ಕಡೆಯವನು ಎಂಬುದು ಇತ್ಯರ್ಥವಾಗಬೇಕು. ‘ನಮ್ಮ ಹುಡ್ಗ ಒಬ್ಬ ಅವ್ನೆ, ಫೋನ್ ಹಾಕ್ತೀನಿ ತಡಿ’ ಎಂದು ಒಬ್ಬ ಜೇಬಿಗೆ ಕೈ ಹಾಕುತ್ತಾನೆ. ಇನ್ನೊಬ್ಬನಿಗೂ ಅವನದೇ ಒಬ್ಬ ಹುಡುಗ ಇರುತ್ತಾನೆ. ಇಬ್ಬರು ಹುಡುಗರ ನಡುವೆ ಯಾರು ಒಳ್ಳೆಯ ಹುಡುಗ ಎಂಬ ಚರ್ಚೆ ಪಂಚಾಯ್ತಿ ಚುನಾವಣೆಯವರೆಗೂ ಹೋಗಿ ಬರುತ್ತದೆ. ಇಷ್ಟರಲ್ಲಿ ಬಿಸಿಲೇರಿರುತ್ತದೆ.

ಮೂರನೆಯವನು ಕೆಲಸಗಾರ. ಟ್ಯಾಂಕಿಗೆ ಕಿವಿಗೊಟ್ಟು ಗಾಡಿ ಅಲ್ಲಾಡಿಸಿದ. ‘ಪೆಟ್ರೋಲ್ ಐತೆ.’ ಕೂತ. ‘ಚೋಕ್ ಎಳಿ ಮಗಾ.’

‘ಇದ್ರಲ್ಲಿ ಚೋಕ್ ಇಲ್ಲ ಕಣೋ.’

‘ಇಲ್ದೆ ಏನು? ಎಲ್ಲಾದ್ರೂ ಇರ್ತದೆ, ಸರ್ಯಾಗಿ ನೋಡು. ಇಲ್ಲಾಂದ್ರೆ ಕಾರ್ಬುರೇಟರಲ್ಲಿ ಕಸ ಸೇರ್‍ಕೊಂಡೈತೆ, ಬಿಚ್ಚು.’

ಕಾರ್ಬುರೇಟರೂ ಇಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕು ಸ್ಕೂಟರುಗಳಲ್ಲಿ ಬಹುಪಾಲಿಗೆ ಪೆಟ್ರೋಲನ್ನು ಚಿಮ್ಮಿಸುವುದು ಇಂಜೆಕ್ಟರು. ಟ್ಯಾಂಕಿನೊಳಗೆ ಒಂದು ಪಂಪಿದೆ. ಕೀ ತಿರುಗಿಸಿದ ಕೂಡಲೇ ಅದು ‘ಸುಯ್’ ಎಂದು ಎರಡು ಕ್ಷಣ ಸದ್ದು ಮಾಡುತ್ತದೆ. ಆ ಸದ್ದು ಕೇಳಿಸಿದರೆ ಒಂದು ದಾರಿ, ಕೇಳಿಸದಿದ್ದರೆ ಫ್ಯೂಸು, ಬ್ಯಾಟರಿ, ವೈರು ನೋಡಬೇಕಾದ ಇನ್ನೊಂದು ದಾರಿ. ಇಡೀ ಪರೀಕ್ಷೆಗೆ ಬೇಕಾದದ್ದು ಎರಡು ಕ್ಷಣದ ಮೌನ. ಸ್ನೇಹಿತರು ಸೇರಿದ ಜಾಗದಲ್ಲಿ ಅದೊಂದು ಬಿಟ್ಟು ಬೇರೆಲ್ಲ ಸಿಗುತ್ತದೆ.

ಹಳಬರನ್ನು ಅವಮಾನಿಸುವುದು ನನ್ನ ಉದ್ದೇಶವಲ್ಲ. ಅವರ ವಿದ್ಯೆ ಒಂದು ಕಾಲದಲ್ಲಿ ವಿದ್ಯೆಯೇ ಆಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ 1996ರಲ್ಲಿ ಬಾಗಿಲು ಹಾಕುವವರೆಗೆ ಜಾವಾ, ಯೆಜ್ಡಿಗಳನ್ನು ಈ ರಸ್ತೆಗಳಿಗೆ ಬಿಡುತ್ತಲೇ ಇತ್ತು. ಅವುಗಳಲ್ಲಿ ಕಿಕ್ಕರನ್ನೇ ಮಡಚಿ ಗೇರು ಹಾಕಬೇಕು, ಅಂದರೆ ಒಂದೇ ಸರಳು ಎರಡು ಖಾತೆ ನೋಡಿಕೊಳ್ಳುತ್ತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸುವ ಟೂ-ಸ್ಟ್ರೋಕ್ ಎಂಜಿನ್ನು, ಪ್ಲಗ್ಗಿಗೆ ಮಸಿ ಹಿಡಿಯುವುದು ದಿನದ ಮಾತು. ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಊದಿ ಹಾಕಿದರೆ ಗಾಡಿ ಬದುಕುತ್ತಿತ್ತು. ಚೇತಕ್ ಸ್ಕೂಟರನ್ನು ಒಂದು ಮಗ್ಗುಲಿಗೆ ಓರೆ ಮಾಡಿ ಎತ್ತಿ ಕಿಕ್ ಹೊಡೆದರೆ ಹೊರಡುತ್ತಿತ್ತು. ಆಗ ಸ್ನೇಹಿತ ಅಂದರೆ ಅರ್ಧ ಮೆಕ್ಯಾನಿಕ್ಕು, ಮೆಕ್ಯಾನಿಕ್ ಅಂದರೆ ಪೂರಾ ಸ್ನೇಹಿತ. ಈಗ ಗಾಡಿ ಬದಲಾಗಿದೆ, ಸ್ನೇಹಿತ ಹಾಗೇ ಇದ್ದಾನೆ. ಪ್ಲಗ್ಗು ಬಿಚ್ಚುವುದು ಅವನಿಗೆ ರಿಪೇರಿಯಲ್ಲ, ಸಂಸ್ಕಾರ.

ತಳ್ಳುವವರದು ಇನ್ನೊಂದು ಪಂಥ. ಗೇರು ಗಾಡಿಯಾದರೆ ಸರಿ, ಎರಡನೇ ಗೇರಿಗೆ ಹಾಕಿ, ಕ್ಲಚ್ ಹಿಡಿದು ತಳ್ಳಿಸಿ, ವೇಗ ಬಂದಾಗ ಬಿಟ್ಟರೆ ಎಂಜಿನ್ ತಿರುಗೀತು. ಗೇರಿಲ್ಲದ ಸ್ಕೂಟರಿನಲ್ಲಿ ಚಕ್ರಕ್ಕೂ ಎಂಜಿನ್ನಿಗೂ ನಡುವಿನ ಕ್ಲಚ್ಚು ಎಂಜಿನ್ ಓಡಿದರೆ ಮಾತ್ರ ಹಿಡಿಯುತ್ತದೆ, ಹಾಗಾಗಿ ಅದನ್ನು ಚನ್ನಪಟ್ಟಣದಿಂದ ಮದ್ದೂರಿನವರೆಗೆ ತಳ್ಳಿದರೂ ಎಂಜಿನ್ನಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ಇದನ್ನು ಹೇಳಿದರೆ ತಳ್ಳುವವರಿಗೆ ಬೇಜಾರಾಗುತ್ತದೆ. ‘ನೀವೊಸಿ ಬ್ಯಾಲೆನ್ಸ್ ಮಾಡ್ಕಳಿ ಸಾ, ನಾವ್ ನೋಡ್ಕತೀವಿ’ ಎಂದು ಒಂದು ಕಿಲೋಮೀಟರು ತಳ್ಳುತ್ತಾರೆ. ಏದುಸಿರು ಬಿಡುತ್ತಾ, ‘ಎಂಜಿನ್ ಸೀಜ್ ಆಗೈತೆ’ ಎಂದು ತೀರ್ಪು ಕೊಟ್ಟು ನಡೆದುಕೊಂಡು ವಾಪಸಾಗುತ್ತಾರೆ. ತಳ್ಳಿದ್ದಕ್ಕೆ ಓಡಲೇಬೇಕು ಅನ್ನುವವರು ಚನ್ನಪಟ್ಟಣದಲ್ಲೇ ಹಾಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಗೊಂಬೆ ಕಾರನ್ನು ಕೊಳ್ಳಬಹುದು. ತಳ್ಳುವುದಕ್ಕೆಂದೇ ಮಾಡಿದ ಗಾಡಿ ಈ ಜಿಲ್ಲೆಯಲ್ಲಿ ಅದೊಂದೇ.

ಈಚೆಗೆ ಒಬ್ಬ ಹೊಸ ತಜ್ಞ ಹುಟ್ಟಿದ್ದಾನೆ. ಅವನು ಗಾಡಿ ಮುಟ್ಟುವುದಿಲ್ಲ, ದೂರದಿಂದಲೇ ಮೂಗೇರಿಸಿ ‘ಎಲ್ಲಾ ಎಥೆನಾಲ್ ಮಹಿಮೆ’ ಅನ್ನುತ್ತಾನೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿದ್ದು ನಿಜ, ಎಥೆನಾಲ್ ನೀರು ಹೀರುತ್ತದೆ ಎಂಬುದೂ ನಿಜ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ಮಳೆನೀರು ಇಳಿದರೆ ತಳದಲ್ಲಿ ಅದು ಬೇರೆಯಾಗಿ ಕೂತು ತೊಂದರೆ ಕೊಡಬಹುದು. ಆದರೆ ಈ ತಜ್ಞನ ಕೈಯಲ್ಲಿ ಎಥೆನಾಲು ಟೈರ್ ಪಂಕ್ಚರಿಗೂ ಕಾರಣ. ಅವನ ಒಂದು ಮಾತನ್ನು ಮಾತ್ರ ತಳ್ಳಿಹಾಕಲಾರೆ: ಕುಡಿದು ಓಡಿಸಿದರೆ ಸವಾರನಿಗೆ ಫೈನು, ಗಾಡಿಗೆ ಪಂಪಿನವರೇ ಕುಡಿಸಿ ಕಳಿಸುತ್ತಾರೆ.

ಪೆಟ್ರೋಲೇ ಮುಗಿದಿದ್ದರೆ? ಬಾಟಲಿಗೆ ಹಾಕುವುದಿಲ್ಲ ಎಂದು ಬಂಕಿನವನು ಬೋರ್ಡು ತೋರಿಸುತ್ತಾನೆ. ಆಗ ಸ್ನೇಹಿತನ ಗಾಡಿಯಿಂದ ಪೈಪು ಹಾಕಿ ಬಾಯಲ್ಲಿ ಎಳೆಯುವ ಶಾಸ್ತ್ರ ನಡೆಯುತ್ತದೆ. ಒಂದು ಗುಟುಕು ಎಳೆದವನ ಹೊಟ್ಟೆಗೆ, ಒಂದು ರಸ್ತೆಗೆ, ಉಳಿದದ್ದು ಟ್ಯಾಂಕಿಗೆ.

ಕಾರಿನವರು ನಗಬೇಕಾಗಿಲ್ಲ. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ ಹೆದ್ದಾರಿ ರಾಮನಗರ, ಚನ್ನಪಟ್ಟಣವನ್ನು ಮುಟ್ಟದೆ ಪಕ್ಕಕ್ಕೆ ಸರಿದು ಹೋಗುತ್ತದೆ. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರು ಇಳಿಯುವಂತಿಲ್ಲ. ಬೈಪಾಸಿನ ನಡುವೆ ಕಾರು ನಿಂತರೆ ಚನ್ನಪಟ್ಟಣದ ಗೆಳೆಯ ಬೈಕಿನಲ್ಲಿ ಸರ್ವೀಸ್ ರಸ್ತೆಯವರೆಗೆ ಬರಬಲ್ಲ, ಅಷ್ಟೇ. ಬೇಲಿಯ ಆಚೆ ನಿಂತು, ಬಸ್ಸು ಲಾರಿಗಳ ಸದ್ದಿನ ಮೇಲೆ, ‘ಬಾನೆಟ್ ಎತ್ತೋ! ಬ್ಯಾಟರಿ ಟರ್ಮಿನಲ್ ಒಸಿ ಕುಟ್ಟೋ!’ ಎಂದು ಕೂಗುತ್ತಾನೆ. ಈಚೆಯವನಿಗೆ ‘ಕುಟ್ಟೋ’ ಮಾತ್ರ ಕೇಳಿಸುತ್ತದೆ. ಕುಟ್ಟುತ್ತಾನೆ. ಹೆದ್ದಾರಿ ಪ್ರಾಧಿಕಾರದ 1033 ಸಹಾಯವಾಣಿಯೊಂದಿದೆ, ಫೋನ್ ಮಾಡಿ ಕೆಟ್ಟ ಗಾಡಿಗೆ ನೆರವು ಕೇಳಬಹುದು. ಆದರೆ ಯಾರೂ ಮಾಡುವುದಿಲ್ಲ. ಅಲ್ಲಿ ನಮ್ಮ ಹುಡುಗ ಯಾರೂ ಇಲ್ಲವಲ್ಲ.

ಸ್ನೇಹ ಮತ್ತು ಗಾಡಿಯ ವಿಷಯ ಬಂದಾಗ ಇಲ್ಲಿಯವರು ‘ಶೋಲೆ’ಯನ್ನು ಎಳೆತರದೆ ಬಿಡುವುದಿಲ್ಲ. 1975ರ ಆ ಚಿತ್ರದ ಬಂಡೆಗಳೆಲ್ಲ ನಮ್ಮವೇ, ಇಬ್ಬರು ಗೆಳೆಯರು ಸೈಡ್‌ಕಾರ್ ಬೈಕಿನಲ್ಲಿ ಹಾಡುತ್ತಾ ಹೋಗುವುದನ್ನು ನೋಡದವರಿಲ್ಲ. ಹಾಡಿನ ನಡುವೆ ಸೈಡ್‌ಕಾರೇ ಕಳಚಿಕೊಂಡು ಹೋದರೂ ಇಬ್ಬರಲ್ಲಿ ಒಬ್ಬನೂ ಇಳಿದು ಪ್ಲಗ್ಗು ಬಿಚ್ಚಲಿಲ್ಲ. ಅವರ ಸ್ನೇಹ ಕೊನೆಯವರೆಗೂ ಬಾಳಿದ್ದಕ್ಕೆ ಅದೇ ಕಾರಣವಿರಬೇಕು.

ಕೊನೆಗೆ ಎಲ್ಲ ಸಲಹೆ ಮುಗಿದು ಎಲ್ಲರೂ ಸುಸ್ತಾದಾಗ ಹಿರಿಯರೊಬ್ಬರು ಬಾಯಿಬಿಡುತ್ತಾರೆ. ‘ಕೆಂಗಲ್ ಹನುಮಂತರಾಯನಿಗೆ ಒಂದು ಪೂಜೆ ಮಾಡ್ಸು, ನಂಬರು ಆಗಿಬರಲ್ಲ ಅಂತ ಕಾಣ್ತದೆ, ಬದಲಾಯ್ಸು.’ ಇದನ್ನು ಮೂಢನಂಬಿಕೆ ಎನ್ನಬೇಡಿ, ಇದು ಆಡಳಿತ ನೀತಿ. ಟಿಪ್ಪುವಿನ ಕಾಲದಲ್ಲಿ ಶಂಷೇರಾಬಾದ್ ಆಗಿದ್ದ ಊರು ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆಯಾಯಿತು, ಆಮೇಲೆ ರಾಮನಗರ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಈ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆ, 2025ರ ಮೇ ತಿಂಗಳ ಸಂಪುಟ ತೀರ್ಮಾನದಂತೆ ಬೆಂಗಳೂರು ದಕ್ಷಿಣ ಜಿಲ್ಲೆ. ಜಾಗ ಅದೇ, ರಸ್ತೆ ಅದೇ, ಗುಂಡಿ ಅದೇ, ಜಿಲ್ಲಾ ಕೇಂದ್ರವೂ ರಾಮನಗರವೇ. ಪ್ಲೇಟು ಮಾತ್ರ ಹೊಸದು. ಸರ್ಕಾರವೇ ಹೀಗೆ ರಿಪೇರಿ ಮಾಡುವಾಗ ಹಿರಿಯರನ್ನು ದೂರುವುದು ಹೇಗೆ?

ಅಂದಹಾಗೆ ಗೂಡಿನ ರೈತನ ಗಾಡಿಗೆ ಏನಾಗಿತ್ತು? ಮೆಕ್ಯಾನಿಕ್ ಹುಡುಗ ಬಂದ. ಯಾರ ಹುಡುಗನೂ ಅಲ್ಲ, ಪಕ್ಕದ ಹಳ್ಳಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡವನು. ಮಾತಾಡಲಿಲ್ಲ. ಹ್ಯಾಂಡಲಿನ ಬಲಗಡೆಯ ಕೆಂಪು ಸ್ವಿಚ್ಚು ನೋಡಿದ, ಅದು ಆಫ್ ಆಗಿತ್ತು. ದಾರಿಯಲ್ಲಿ ಚೀಲದ ಹಗ್ಗ ಬಿಗಿಮಾಡುವಾಗ ಕೈ ತಾಗಿದ್ದಿರಬೇಕು. ಒತ್ತಿದ. ಆದರೂ ಸ್ಟಾರ್ಟ್ ಆಗಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಸ್ನೇಹಿತರು ಸೆಲ್ಫ್ ಒತ್ತಿ ಒತ್ತಿ ಬ್ಯಾಟರಿ ಇಳಿಸಿದ್ದರು, ಪ್ಲಗ್ಗಿನ ಕ್ಯಾಪು ಮುರಿದಿತ್ತು. ಮೊದಲಿದ್ದ ತೊಂದರೆಗೆ ಖರ್ಚಿಲ್ಲ, ಸಹಾಯಕ್ಕೆ ಬಿಲ್ಲಾಯಿತು. ರೈತ ಎಲ್ಲರಿಗೂ ಟೀ ಕುಡಿಸಿದ. ಗೂಡು ಮಾರ್ಕೆಟ್ ಸೇರುವಷ್ಟರಲ್ಲಿ ಅವತ್ತಿನ ಒಳ್ಳೆಯ ರೇಟು ಬೇರೆಯವರ ಪಾಲಾಗಿತ್ತು.

ಆದ್ದರಿಂದ ಗಾಡಿ ನಿಂತರೆ ಕೆಂಪು ಸ್ವಿಚ್ಚು, ಸೈಡ್ ಸ್ಟ್ಯಾಂಡು, ಪೆಟ್ರೋಲು, ಇವಿಷ್ಟನ್ನು ಯಾರಿಗೂ ಹೇಳದೆ ನೀವೊಬ್ಬರೇ ನೋಡಿಕೊಳ್ಳಿ. ಫೋನು ಆಮೇಲೆ. ಸಹಾಯಕ್ಕೆ ಬರುವ ಮಹನೀಯರಲ್ಲಿ ಒಂದೇ ವಿನಂತಿ: ಬನ್ನಿ, ಟೀ ಕುಡಿಯಿರಿ, ಸರ್ಕಾರ ಬೀಳಿಸಿ, ಎತ್ತಿ. ಹೊರಡುವ ಮುಂಚೆ ಮಾತ್ರ ಬಿಚ್ಚಿದ ಪ್ಲಗ್ಗು ಯಾರ ಜೇಬಿನಲ್ಲಿದೆ ಎಂದು ದಯವಿಟ್ಟು ನೋಡಿಕೊಳ್ಳಿ.