ಬಾಗಿಲು ಮುಚ್ಚಿ, ಮಾತು ಬಿಚ್ಚಿ

ಕೋರಮಂಗಲದ ಹಳೆಯ ಕಟ್ಟಡವೊಂದರ ಲಿಫ್ಟ್ ಇದು. ಕೆಳಗೆ ಟೀ ಅಂಗಡಿ, ನಾಲ್ಕನೇ ಮಹಡಿಯಲ್ಲಿ ಬಂಡವಾಳ ಹೂಡುವವರ ಕಚೇರಿ. ನಡುವಿನ 25 ಸೆಕೆಂಡಿನಲ್ಲಿ ಎಷ್ಟು ಸ್ಟಾರ್ಟಪ್ ಹತ್ತಿದವು, ಎಷ್ಟು ಇಳಿದವು ಎಂಬುದಕ್ಕೆ ಸಾಕ್ಷಿ ಇದೊಂದೇ.

ಪ್ರಶ್ನೆ: ಲಿಫ್ಟ್ ಮೇಲೇರುವಷ್ಟರಲ್ಲಿ ಹೂಡಿಕೆದಾರರ ಮನವೊಲಿಸುವ ‘ಎಲಿವೇಟರ್ ಪಿಚ್’ ಎಂದು ನಿಮ್ಮ ಹೆಸರಲ್ಲೇ ಒಂದು ವಿದ್ಯೆ ಬೆಳೆದಿದೆ. ಹೆಮ್ಮೆಯೇ?

ಲಿಫ್ಟ್: ಹೆಸರು ನಂದು, ದುಡ್ಡು ಅವರದು. ಬಾಗಿಲು ಹಾಕ್ಕೊಳ್ಳೋಕೂ ಪುರುಸೊತ್ತು ಕೊಡಲ್ಲ, ಶುರು! ಎರಡನೇ ಮಹಡಿವರೆಗೆ ಎಐ, ಬ್ಲಾಕ್‌ಚೈನ್, ಎಕೋಸಿಸ್ಟಮ್. ಮೂರರಲ್ಲಿ ಕಂಪನಿ ಹೆಸರು. ನಾಲ್ಕರಲ್ಲಿ ಬಾಗಿಲು ತೆಗೀತೀನಿ. ಏನು ಮಾರ್ತಾರೆ ಅಂತ ಕೇಳಿದವರಿಗೂ ಗೊತ್ತಿಲ್ಲ, ಹೊತ್ತವನಿಗೂ ಗೊತ್ತಿಲ್ಲ. ಮೊನ್ನೆ ಒಬ್ಬ ಹುಡುಗ ‘ದೋಸೆ ಹಿಟ್ಟಿನ ಊಬರ್’ ಅಂದ. ಹಿಟ್ಟು ನಮ್ಮ ಹತ್ರ ಬರುತ್ತೋ, ನಾವು ಹಿಟ್ಟಿನ ಮೇಲೆ ಕೂತು ಹೋಗ್ತೀವೋ?

ಪ್ರಶ್ನೆ: ಮತ್ತೇನು ಹೇಳಬೇಕು?

ಲಿಫ್ಟ್: ಯಾರಿಗೆ ಏನು ತೊಂದರೆ, ಅದನ್ನ. 2005ರ ದೀಪಾವಳಿಗೆ ಫಣೀಂದ್ರ ಸಾಮ ಅನ್ನೋ ಇಂಜಿನಿಯರ್‌ಗೆ ಬೆಂಗಳೂರಿಂದ ಊರಿಗೆ ಹೋಗೋಕೆ ಬಸ್ ಟಿಕೆಟ್ ಸಿಗಲಿಲ್ಲ. ಯಾವ ಬಸ್ಸಲ್ಲಿ ಸೀಟು ಖಾಲಿ ಇದೆ ಅಂತ ಒಂದೇ ಕಡೆ ನೋಡೋ ದಾರಿ ಇರಲಿಲ್ಲ. ಮರುವರ್ಷ ಗೆಳೆಯರ ಜೊತೆ ರೆಡ್‌ಬಸ್ ಶುರು ಮಾಡಿದರು. ಈ ಕಥೆಗೆ ಸ್ಲೈಡು ಬೇಕಾ? ದುಡ್ಡು ಹೂಡೋರೂ ಹಬ್ಬಕ್ಕೆ ಯಾವುದೋ ಊರಿಗೆ ಹೋಗೋರೇ.

(ಇಷ್ಟರಲ್ಲಿ ಎರಡನೇ ಮಹಡಿಯಲ್ಲಿ ನಿಂತೆವು. ಯಾರೂ ಹತ್ತಲಿಲ್ಲ. ಬಟನ್ ಒತ್ತಿದವರು ಮೆಟ್ಟಿಲಿಳಿದು ಹೋಗಿದ್ದರು.)

ಪ್ರಶ್ನೆ: ಅಂತೂ ಚಿಕ್ಕದಾಗಿ, ಚೊಕ್ಕವಾಗಿ ಹೇಳಿದರೆ ಸಾಕು?

ಲಿಫ್ಟ್: ಅಮೆರಿಕದ ಥೆರಾನೋಸ್‌ನವರು ಹೇಳಿದ್ದೂ ಚೊಕ್ಕವಾಗೇ. ಬೆರಳ ತುದಿಯ ನಾಲ್ಕು ಹನಿ ರಕ್ತ ಸಾಕು, ಎಷ್ಟೋ ಪರೀಕ್ಷೆ ಮಾಡ್ತೀವಿ ಅಂತ. ದೊಡ್ಡದೊಡ್ಡವರೇ ನಂಬಿದರು. ಯಂತ್ರ ಮಾತ್ರ ಹೇಳಿದ ಹಾಗೆ ನಡೀಲಿಲ್ಲ. 2018ರಲ್ಲಿ ಕಂಪನಿ ಮುಚ್ಚಿತು. ಹೂಡಿಕೆದಾರರಿಗೆ ಮೋಸ ಮಾಡಿದ್ದು ಸಾಬೀತಾಗಿ 2022ರಲ್ಲಿ ಸ್ಥಾಪಕಿ ಎಲಿಜಬೆತ್ ಹೋಮ್ಸ್‌ಗೆ ಶಿಕ್ಷೆಯೂ ಆಯ್ತು.

ಚೊಕ್ಕವಾಗಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ನಮ್ಮ ವಂಶದ ಹಿರಿಯ ಎಲಿಶಾ ಓಟಿಸ್‌ನ ನೋಡಿ. ಹಗ್ಗ ಕಿತ್ತರೆ ಗತಿಯೇನು ಅನ್ನೋದೇ ಆಗಿನ ಜನರ ಭಯ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ, ಅಷ್ಟೆತ್ತರದಲ್ಲಿ ತೂಗೋ ಹಲಗೆ ಮೇಲೆ ತಾನೇ ನಿಂತು ಹಗ್ಗ ಕತ್ತರಿಸೋಕೆ ಹೇಳಿದ. ಹಲಗೆ ಒಂಚೂರು ಜಾರಿ ಗಕ್ಕನೆ ನಿಂತಿತು. ಪಿಚ್ ಮುಗೀತು. 1857ಕ್ಕೆಲ್ಲ ಬ್ರಾಡ್‌ವೇಯ ಪಿಂಗಾಣಿ ಅಂಗಡಿಯೊಂದರಲ್ಲಿ ಜನ ಲಿಫ್ಟ್ ಹತ್ತಿದರು. ಈಗಿನವರಿಗೆ ಹಗ್ಗ ಕತ್ತರಿಸ್ಲಾ ಅಂತ ಕೇಳಿ ನೋಡಿ, ‘ಬೀಟಾ ವರ್ಷನ್ ಸಾರ್, ಬೇಡ’ ಅಂತಾರೆ.

ಪ್ರಶ್ನೆ: ಮಾರುಕಟ್ಟೆಯ ಗಾತ್ರ ಹೇಳಬೇಡವೇ?

ಲಿಫ್ಟ್: ‘140 ಕೋಟಿ ಜನರಲ್ಲಿ ಶೇ 1ರಷ್ಟು ಕೊಂಡರೂ ಸಾಕು’ ಅಂದ ತಕ್ಷಣ ನನ್ನ ಓವರ್‌ಲೋಡ್ ಅಲಾರಂ ಹೊಡ್ಕೊಳ್ಳುತ್ತೆ. ನನ್ನ ಯೋಗ್ಯತೆ 6 ಜನ, 408 ಕೆಜಿ. ಒಂದು ಕೋಟಿ ನಲವತ್ತು ಲಕ್ಷ ಗಿರಾಕಿಗಳನ್ನ ತುಂಬಬೇಡಿ. ನಿಜವಾಗಿ ದುಡ್ಡು ಕೊಟ್ಟ ಹತ್ತು ಜನ ಯಾರು, ಅದನ್ನ ಹೇಳಿ.

ಪ್ರಶ್ನೆ: ಕೊನೆಗೆ ಹಣ ಕೇಳುವುದು?

ಲಿಫ್ಟ್: ಅಲ್ಲೇ ನಮ್ಮವರಿಗೆ ಎಲ್ಲಿಲ್ಲದ ಸಂಕೋಚ. ‘ನಿಮ್ಮ ಆಶೀರ್ವಾದ ಇರಲಿ ಸಾರ್’ ಅಂತಾರೆ. ಅವರು ಆಶೀರ್ವಾದ ಮಾಡಿ, ಹೆಣ್ಣು ನೋಡಿ ಹೋಗೋರ ಹಾಗೆ ‘ತಿಳಿಸ್ತೀವಿ’ ಅಂತ ಇಳ್ಕೊತಾರೆ. 25 ಸೆಕೆಂಡಲ್ಲಿ ಯಾರೂ ಚೆಕ್ ಬರೆಯಲ್ಲ ಸ್ವಾಮಿ. ಕೇಳಬೇಕಾದ್ದು ‘ಗುರುವಾರ ಅರ್ಧ ಗಂಟೆ ಕೊಡ್ತೀರಾ?’ ಅಂತ, ಅಷ್ಟೇ.

ಪ್ರಶ್ನೆ: ನಿಮ್ಮದೇ ಒಂದು ಪಿಚ್ ಆಗಲಿ.

ಲಿಫ್ಟ್: ಮೊಣಕಾಲು ನೋವಿನವರನ್ನ ನಾಲ್ಕನೇ ಮಹಡಿಗೆ ಮುಟ್ಟಿಸ್ತೀನಿ. ಬಾಡಿಗೆದಾರರೆಲ್ಲ ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ತಾರೆ. ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯೋ ಬ್ಯಾಟರಿ ನನಗಿಲ್ಲ. ಹೋದ ವಾರ ಒಬ್ಬ ಸ್ಥಾಪಕ, ಒಬ್ಬರು ಹೂಡಿಕೆದಾರರು ಮುಕ್ಕಾಲು ಗಂಟೆ ನನ್ನೊಳಗೆ ಸಿಕ್ಕಿಹಾಕಿಕೊಂಡರು. ಅಷ್ಟು ಹೊತ್ತೂ ಪಿಚ್. ಅವತ್ತಿಂದ ಆ ಹೂಡಿಕೆದಾರರು ಮೆಟ್ಟಿಲಲ್ಲೇ ಓಡಾಡ್ತಿದ್ದಾರೆ; ಒಬ್ಬ ಗಿರಾಕಿ ಹೋದರು. ಕಟ್ಟಡದ ಮಾಲೀಕರೇ, ಇದನ್ನ ಓದ್ತಿದ್ದರೆ ಒಂದು ಬ್ಯಾಟರಿ ಬೇಕು. ಗುರುವಾರ ಅರ್ಧ ಗಂಟೆ ಕೊಡ್ತೀರಾ?